ಹಲ್ಲುಚಕ್ರಗಳ ಉಸ್ತಾದ್ ಅಲ್-ಜಝರಿ



ಕಳೆದ ವರ್ಷ ನಮ್ಮ ತಂಡದ ರೋಬೋಟ್ ಸ್ಪರ್ಧೆಯ ಮೂರನೇ ಸುತ್ತಿನಲ್ಲಿ ನಿಂತುಹೋದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೋಟಾರ್ ಸುಟ್ಟಿರಲಿಲ್ಲ. ಬ್ಯಾಟರಿ ಮುಗಿದಿರಲಿಲ್ಲ. ಪ್ರೋಗ್ರಾಮ್‌ನಲ್ಲೂ ತಪ್ಪಿರಲಿಲ್ಲ. ಭಾರ ತಳ್ಳುವಾಗ ಒಳಗಿನಿಂದ ಕಟಕಟ ಎಂಬ ಸದ್ದು ಬಂತು, ಮೋಟಾರ್ ತಿರುಗುತ್ತಲೇ ಇತ್ತು, ಚಕ್ರ ಮಾತ್ರ ತಿರುಗಲಿಲ್ಲ. ಮರಳಿ ಬಂದು ಲ್ಯಾಬ್‌ನಲ್ಲಿ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಗಿಯರ್‌ಗಳನ್ನು ನಾವು ಒಂದು ತೆಳು ಬ್ರಾಕೆಟ್ ಮೇಲೆ ಕೂರಿಸಿ, ಆ ಬ್ರಾಕೆಟನ್ನು ಎರಡು ಸ್ಕ್ರೂ ಹಾಕಿ ರೋಬೋಟಿನ ಚೌಕಟ್ಟಿಗೆ ಬಿಗಿದಿದ್ದೆವು. ಭಾರ ಬಿದ್ದೊಡನೆ ಬ್ರಾಕೆಟ್ ಬಾಗಿತು. ಎರಡು ಗಿಯರ್‌ಗಳ ನಡುವಿನ ಅಂತರ ಒಂದೆರಡು ಮಿಲಿಮೀಟರ್ ಹೆಚ್ಚಿತು. ಒಂದರ ಹಲ್ಲು ಇನ್ನೊಂದರ ಹಲ್ಲಿನ ಮೇಲಿಂದ ಜಾರಿತು.

ಗಿಯರ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಹಿಡಿದಿರುವ ಚೌಕಟ್ಟು ಅಲುಗಿದರೆ ಅದು ನಿಷ್ಪ್ರಯೋಜಕ. ಈ ಪಾಠವನ್ನು ನಾವು ಸೋತು ಕಲಿತೆವು. ಅದಾದ ಮೇಲೆ ಲೈಬ್ರರಿಯಲ್ಲಿ ಗಿಯರ್ ಬಗ್ಗೆ ಹುಡುಕುತ್ತಿದ್ದಾಗ ಎಂಟುನೂರು ವರ್ಷಗಳ ಹಿಂದಿನ ಒಬ್ಬ ಎಂಜಿನಿಯರ್ ಸಿಕ್ಕಿದರು. ಹೆಸರು ಅಲ್-ಜಝರಿ. ಅವರ ಆನೆ ಗಡಿಯಾರದ ಚಿತ್ರವನ್ನು ನಾವೆಲ್ಲ ಎಲ್ಲೋ ಒಂದು ಕಡೆ ನೋಡಿರುತ್ತೇವೆ. ಆದರೆ ಅವರು ಹೇಗೆ ಕೆಲಸ ಮಾಡುತ್ತಿದ್ದರು ಎಂಬುದನ್ನು ನಾನು ಮೊದಲ ಬಾರಿಗೆ ಓದಿದೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಲು ಈ ಬರಹ.

ಎರಡು ನದಿಗಳ ನಡುವಿನ ನಾಡು

ಅವರ ಪೂರ್ಣ ಹೆಸರು ಬದೀಉಝ್ಝಮಾನ್ ಅಬುಲ್ ಇಝ್ಝ್ ಇಸ್ಮಾಈಲ್ ಇಬ್ನುರ್ ರಝ್ಝಾಝ್ ಅಲ್-ಜಝರಿ. ಈ ಉದ್ದದ ಹೆಸರಿನಲ್ಲೇ ಅವರ ಪರಿಚಯ ಅಡಗಿದೆ. ಬದೀಉಝ್ಝಮಾನ್ ಎಂದರೆ ತನ್ನ ಕಾಲದ ಅದ್ಭುತ. ಇದು ಇತರರು ಅವರಿಗೆ ಕೊಟ್ಟ ಬಿರುದು. ಇಸ್ಮಾಈಲ್ ಅವರ ಸ್ವಂತ ಹೆಸರು. ರಝ್ಝಾಝ್ ಎಂದರೆ ಅಕ್ಕಿ ವ್ಯಾಪಾರಿ. ಅಲ್-ಜಝರಿ ಎಂದರೆ ಜಝೀರಾದವರು. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ಮೇಲ್ಭಾಗದ ನಡುವಣ ಪ್ರದೇಶವನ್ನು ಅರಬರು ಜಝೀರಾ, ಅಂದರೆ ದ್ವೀಪ, ಎಂದು ಕರೆಯುತ್ತಿದ್ದರು. ಇಂದು ಆ ನಾಡು ಟರ್ಕಿ, ಸಿರಿಯಾ ಮತ್ತು ಇರಾಕ್ ದೇಶಗಳಲ್ಲಿ ಹಂಚಿಹೋಗಿದೆ.

12ನೇ ಶತಮಾನದಲ್ಲಿ ಈ ಪ್ರದೇಶದ ಒಂದು ಭಾಗವನ್ನು ಅರ್ತುಕಿದ್ ಎಂಬ ತುರ್ಕಿ ಮನೆತನ ಆಳುತ್ತಿತ್ತು. 1183ರಲ್ಲಿ ಸಲಾಹುದ್ದೀನ್ ಅಯ್ಯೂಬಿ ಆಮಿದ್ ನಗರವನ್ನು ಗೆದ್ದು ಈ ಮನೆತನದ ಅರಸ ನೂರುದ್ದೀನ್ ಮುಹಮ್ಮದ್‌ಗೆ ಒಪ್ಪಿಸಿದರು. ಕಪ್ಪು ಕಲ್ಲಿನ ಕೋಟೆಗೋಡೆಗಳಿಗೆ ಹೆಸರಾದ ಆ ನಗರವೇ ಇಂದಿನ ಟರ್ಕಿಯ ದಿಯಾರ್‌ಬಕಿರ್.

ಜಝರಿಯವರ ಬದುಕಿನ ಬಗ್ಗೆ ನಮಗೆ ದೊರಕುವುದು ಮುಖ್ಯವಾಗಿ ಅವರೇ ಬರೆದ ಪುಸ್ತಕದಿಂದ. ಹಿಜರಿ 570ರಲ್ಲಿ, ಅಂದರೆ ಕ್ರಿ.ಶ. 1174ರ ಸುಮಾರಿಗೆ, ಅವರು ಈ ಮನೆತನದ ಸೇವೆಗೆ ಸೇರಿದರು. ಮೊದಲು ತಂದೆ, ಆಮೇಲೆ ಹಿರಿಯ ಮಗ, ಅನಂತರ ಕಿರಿಯ ಮಗ ನಾಸಿರುದ್ದೀನ್ ಮಹಮೂದ್, ಹೀಗೆ ಮೂವರು ಅರಸರ ಬಳಿ ದುಡಿದರು. ಅವರು ಯುದ್ಧಕ್ಕೆ ಹೋದವರಲ್ಲ, ದರ್ಬಾರಿನ ಕವಿಯೂ ಅಲ್ಲ. ಲೋಹ ಎರಕ ಹೊಯ್ಯುವುದು, ಮರ ಕೊರೆಯುವುದು, ತಾಮ್ರದ ತಗಡು ಬಡಿದು ಕೊಳವೆ ಮಾಡುವುದು, ಹಲ್ಲುಚಕ್ರ ಕಡೆಯುವುದು ಅವರ ಕೆಲಸ. ಆಮಿದ್‌ನ ಅರಮನೆಗೆ ಎರಕ ಹೊಯ್ದ ಹಿತ್ತಾಳೆಯ ದೊಡ್ಡ ಬಾಗಿಲನ್ನು ಮಾಡಿಕೊಟ್ಟವರೂ ಅವರೇ. ಕೈಗೆ ಮಸಿ ಮೆತ್ತಿಕೊಳ್ಳುವ ಕಸುಬಿನವರೊಬ್ಬರು ಅರಮನೆಯಲ್ಲಿ ಇಷ್ಟು ದೀರ್ಘಕಾಲ ಗೌರವದಿಂದ ಇದ್ದರು ಎಂಬುದೇ ಗಮನಿಸಬೇಕಾದ ವಿಷಯ.

ಪುಸ್ತಕ ಹುಟ್ಟಿದ ಬಗೆ

ಒಮ್ಮೆ ಜಝರಿ ತಾವು ಮಾಡಿದ ಯಂತ್ರವೊಂದನ್ನು ಅರಸ ನಾಸಿರುದ್ದೀನ್ ಮಹಮೂದ್ ಮುಂದೆ ಇಟ್ಟರು. ಅದನ್ನು ನೋಡಿದ ಅರಸ, ಇಂತಹ ಯಂತ್ರಗಳು ಬೇರೆಲ್ಲೂ ಇಲ್ಲ, ಇವುಗಳನ್ನು ಬರೆದಿಡದಿದ್ದರೆ ನಿಮ್ಮ ಶ್ರಮವೆಲ್ಲ ವ್ಯರ್ಥವಾಗುತ್ತದೆ, ಆದ್ದರಿಂದ ಚಿತ್ರಸಹಿತ ಪುಸ್ತಕ ಮಾಡಿಕೊಡಿ ಎಂಬ ಅರ್ಥದಲ್ಲಿ ಆಜ್ಞಾಪಿಸಿದ. ಜಝರಿ ಬರೆಯಲು ಕುಳಿತರು. ಹಿಜರಿ 602ರಲ್ಲಿ, ಅಂದರೆ 1206ರಲ್ಲಿ, ಪುಸ್ತಕ ಮುಗಿಯಿತು.

ಆ ಗ್ರಂಥಕ್ಕೆ ಎರಡು ಹೆಸರುಗಳು ಬಳಕೆಯಲ್ಲಿವೆ. ಒಂದರ ಅರ್ಥ ಜಾಣ್ಮೆಯ ಯಂತ್ರಸಾಧನಗಳ ಅರಿವು. ಇನ್ನೊಂದು ಹೆಸರು ನನಗೆ ಹೆಚ್ಚು ಹಿಡಿಸಿತು. ಅದರ ಸಾರಾಂಶ ಇಷ್ಟು: ಯಂತ್ರಕಲೆಯಲ್ಲಿ ಇಲ್ಮ್ ಮತ್ತು ಉಪಯುಕ್ತವಾದ ಅಮಲ್, ಎರಡನ್ನೂ ಒಟ್ಟುಗೂಡಿಸಿದ ಗ್ರಂಥ. ಇಲ್ಮ್ ಎಂದರೆ ಅರಿವು, ಅಮಲ್ ಎಂದರೆ ಕಾರ್ಯ. ಈ ಎರಡು ಪದಗಳನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಜಝರಿ ಅವುಗಳನ್ನು ಹಲ್ಲುಚಕ್ರ ಮತ್ತು ಕೊಳವೆಗಳಿಗೂ ಅನ್ವಯಿಸಿದರು.

ಪುಸ್ತಕದಲ್ಲಿ ಒಟ್ಟು 50 ಯಂತ್ರಗಳಿವೆ. ಅವುಗಳನ್ನು ಆರು ವಿಭಾಗಗಳಾಗಿ ಮಾಡಲಾಗಿದೆ. ನೀರು ಮತ್ತು ಮೇಣದಬತ್ತಿಯ ಗಡಿಯಾರಗಳು 10, ಅರಮನೆಯ ಪಾನಗೋಷ್ಠಿಗಳ ಪಾತ್ರೆ ಮತ್ತು ಗೊಂಬೆಗಳು 10, ಕೈ ತೊಳೆಯುವ ಹೂಜಿ ಹಾಗೂ ರಕ್ತ ತೆಗೆಯುವ ಚಿಕಿತ್ಸೆಯ ಬೋಗುಣಿಗಳು 10, ಕಾರಂಜಿ ಮತ್ತು ತಾನಾಗಿ ಊದುವ ಕೊಳಲುಗಳು 10, ನೀರೆತ್ತುವ ಯಂತ್ರಗಳು 5, ಬಾಗಿಲು ಬೀಗ ಮುಂತಾದ ಇತರ ವಸ್ತುಗಳು 5.

ಈ ಗೊಂಬೆಗಳು ಬರೀ ಆಟಕ್ಕಲ್ಲ. ವುಝೂ ಮಾಡುವಾಗ ಸೇವಕರು ತನ್ನ ಕೈಗೆ ನೀರು ಎರೆಯುವುದು ಅರಸನಿಗೆ ಇಷ್ಟವಿರಲಿಲ್ಲ. ಅದಕ್ಕಾಗಿ ಜಝರಿ ನೀರೆರೆಯುವ ಯಂತ್ರ ಮಾಡಿಕೊಟ್ಟರು. ಸೇವಕನ ರೂಪದ ಗೊಂಬೆ ಹೂಜಿ ಹಿಡಿದು ನೀರು ಹೊಯ್ಯುತ್ತದೆ, ಬಳಸಿದ ನೀರನ್ನು ಬಾತುಕೋಳಿಯ ಗೊಂಬೆ ಹೀರಿಕೊಳ್ಳುತ್ತದೆ, ಕೊನೆಗೆ ಒರೆಸಿಕೊಳ್ಳಲು ಬಟ್ಟೆ ಮುಂದೆ ಬರುತ್ತದೆ. ರಕ್ತ ತೆಗೆಯುವ ಬೋಗುಣಿಯ ಮೇಲೆ ಲಿಪಿಕಾರರ ಗೊಂಬೆಗಳು ಕುಳಿತು ಎಷ್ಟು ರಕ್ತ ಹೋಯಿತು ಎಂದು ಲೇಖನಿಯಿಂದ ತೋರಿಸುತ್ತವೆ. ರೋಗಿಯ ಪ್ರಾಣ ಉಳಿಸುವ ಅಳತೆ ಅದು.

ಪುಸ್ತಕ ಹೇಳಿದ್ದನ್ನೂ ಪರೀಕ್ಷಿಸಿದವರು

ಜಝರಿಗಿಂತ ಮುಂಚೆಯೂ ಯಂತ್ರಗಳ ಪುಸ್ತಕಗಳಿದ್ದವು. ಅವರು ಅವುಗಳನ್ನು ಓದಿದ್ದರು. ಆರ್ಕಿಮಿಡೀಸ್ ಹೆಸರಿನಲ್ಲಿ ಪ್ರಚಲಿತವಾಗಿದ್ದ ನೀರುಗಡಿಯಾರದ ಬರಹವನ್ನೂ 9ನೇ ಶತಮಾನದ ಬಗ್ದಾದಿನ ಬನೂ ಮೂಸಾ ಸಹೋದರರ ಕೆಲಸವನ್ನೂ ಹೆಸರಿಸಿ ನೆನೆದಿದ್ದಾರೆ. ಆದರೆ ಓದಿದ್ದನ್ನು ಹಾಗೆಯೇ ನಂಬಿ ಬಿಡಲಿಲ್ಲ. ಕೈಯಿಂದ ಮಾಡಿ ಪರೀಕ್ಷಿಸದ ಯಾವ ಕಸುಬಿನ ಜ್ಞಾನವೂ ಸರಿ ಮತ್ತು ತಪ್ಪಿನ ನಡುವೆ ತೂಗಾಡುತ್ತಿರುತ್ತದೆ ಎಂಬುದು ಅವರ ನಿಲುವು.

ಇದಕ್ಕೊಂದು ಒಳ್ಳೆಯ ಉದಾಹರಣೆ ಅವರ ಮೊದಲ ಗಡಿಯಾರ. ಅದನ್ನು ಕೋಟೆ ಗಡಿಯಾರ ಎನ್ನುತ್ತಾರೆ. ಎರಡು ಆಳೆತ್ತರದ ಕಟ್ಟಡದಂತಹ ಯಂತ್ರ. ಪ್ರತಿ ಗಂಟೆಗೆ ಬಾಗಿಲಲ್ಲಿ ಗೊಂಬೆ ಕಾಣುತ್ತದೆ, ಗಿಡುಗಗಳು ಗುಂಡು ಉದುರಿಸುತ್ತವೆ, ಆರು, ಒಂಬತ್ತು ಮತ್ತು ಹನ್ನೆರಡನೇ ಗಂಟೆಗಳಿಗೆ ವಾದ್ಯಗಾರರ ಗೊಂಬೆಗಳು ನುಡಿಸುತ್ತವೆ. ಆ ಕಾಲದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಸಮಯವನ್ನು ಯಾವಾಗಲೂ 12 ಭಾಗ ಮಾಡುತ್ತಿದ್ದರು. ಆದ್ದರಿಂದ ಬೇಸಿಗೆಯ ಹಗಲಿನ ಗಂಟೆ ಉದ್ದ, ಚಳಿಗಾಲದ್ದು ಗಿಡ್ಡ. ಅಂದರೆ ಗಡಿಯಾರದಿಂದ ನೀರು ಹೊರಬರುವ ವೇಗ ದಿನದಿಂದ ದಿನಕ್ಕೆ ಬದಲಾಗಬೇಕು.

ಹಿಂದಿನವರು ಇದಕ್ಕಾಗಿ ರಾಶಿಗಳ ಗುರುತು ಹಾಕಿದ ತಟ್ಟೆಯೊಂದನ್ನು ಬಳಸುತ್ತಿದ್ದರು. ತಟ್ಟೆ ತಿರುಗಿಸಿದರೆ ನೀರಿನ ರಂಧ್ರ ಮೇಲೆ ಕೆಳಗೆ ಹೋಗುತ್ತದೆ, ಹರಿವು ಬದಲಾಗುತ್ತದೆ. ಜಝರಿ ಅದನ್ನು ಮಾಡಿ ನೋಡಿದರು. ಸಮಯ ಸರಿಹೊಂದಲಿಲ್ಲ. ಹಳೆಯ ಗುರುತುಗಳು ತಪ್ಪು ಎಂದು ತೀರ್ಮಾನಿಸಿ, ನೀರು ಅಳೆದು ಅಳೆದು, ಒಂದೊಂದು ಸ್ಥಾನವನ್ನೂ ಪ್ರಯೋಗದಿಂದಲೇ ಮತ್ತೆ ಗುರುತಿಸಿದರು.

ಇದು ಏಕೆ ಸುಲಭವಲ್ಲ ಎಂಬುದು ಪಿಯುಸಿ ವಿಜ್ಞಾನದವರಿಗೆ ಗೊತ್ತು. ರಂಧ್ರದಿಂದ ಹೊರಡುವ ನೀರಿನ ವೇಗ ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಎತ್ತರ ನಾಲ್ಕು ಪಟ್ಟಾದರೆ ವೇಗ ಎರಡೇ ಪಟ್ಟು. ಟೊರಿಸೆಲ್ಲಿ ಈ ನಿಯಮವನ್ನು ಪ್ರಕಟಿಸಿದ್ದು 1644ರಲ್ಲಿ. ಜಝರಿಯ ಕೈಯಲ್ಲಿ ಆ ಸೂತ್ರವಿರಲಿಲ್ಲ. ಇದ್ದದ್ದು ಅಳತೆಪಾತ್ರೆ ಮತ್ತು ತಾಳ್ಮೆ.

ಆನೆಯ ಹೊಟ್ಟೆಯೊಳಗಿನ ಬಟ್ಟಲು

ನಮ್ಮಲ್ಲಿ ಅನೇಕರ ಮನೆಯವರು ಗಲ್ಫ್‌ನಲ್ಲಿದ್ದಾರೆ. ದುಬೈಯ ಇಬ್ನ್ ಬತೂತ ಮಾಲ್‌ಗೆ ಹೋದವರು ಅಲ್ಲಿ ನಿಂತಿರುವ ಎತ್ತರದ ಆನೆಯನ್ನು ನೋಡಿರಬಹುದು. ಅದು ಜಝರಿಯ ಆನೆ ಗಡಿಯಾರದ ಪ್ರತಿರೂಪ.

ಆನೆಯ ಬೆನ್ನ ಮೇಲೆ ಲಿಪಿಕಾರ, ಕತ್ತಿನ ಮೇಲೆ ಮಾವುತ, ಮೇಲೊಂದು ಗೋಪುರ, ಅದರ ತುದಿಯಲ್ಲಿ ಹಕ್ಕಿ, ನಡುವೆ ಎರಡು ಸರ್ಪಗಳು. ಗಡಿಯಾರದ ಜೀವ ಮಾತ್ರ ಆನೆಯ ಹೊಟ್ಟೆಯೊಳಗೆ ಇದೆ. ಅಲ್ಲಿ ನೀರಿನ ತೊಟ್ಟಿ. ಅದರಲ್ಲಿ ತಳಕ್ಕೆ ಸಣ್ಣ ರಂಧ್ರವಿರುವ ಬಟ್ಟಲು ತೇಲುತ್ತದೆ. ರಂಧ್ರದಿಂದ ನೀರು ನಿಧಾನವಾಗಿ ತುಂಬಿ ಅರ್ಧ ಗಂಟೆಗೆ ಬಟ್ಟಲು ಮುಳುಗುತ್ತದೆ. ಮುಳುಗುವಾಗ ದಾರ ಎಳೆದು ಮೇಲಿನಿಂದ ಒಂದು ಗುಂಡನ್ನು ಬಿಡಿಸುತ್ತದೆ. ಹಕ್ಕಿ ತಿರುಗುತ್ತದೆ. ಗುಂಡು ಸರ್ಪದ ಬಾಯಿಗೆ ಬೀಳುತ್ತದೆ. ಆ ಭಾರಕ್ಕೆ ಸರ್ಪ ಕೆಳಗೆ ಬಾಗುತ್ತದೆ, ಬಾಗುವಾಗ ಮುಳುಗಿದ ಬಟ್ಟಲನ್ನು ಮೇಲೆತ್ತಿ ಬರಿದು ಮಾಡುತ್ತದೆ. ಮಾವುತ ಆನೆಯನ್ನು ತಟ್ಟುತ್ತಾನೆ, ಗುಂಡು ಹೂಜಿಗೆ ಬಿದ್ದು ಸದ್ದಾಗುತ್ತದೆ. ಸರ್ಪ ಮತ್ತೆ ಮೇಲೇಳುತ್ತದೆ, ಬಟ್ಟಲು ಮತ್ತೆ ತೇಲಲು ಶುರು ಮಾಡುತ್ತದೆ. ಯಾರೂ ಕೈ ಹಾಕಬೇಕಿಲ್ಲ. ಗುಂಡುಗಳು ಮುಗಿಯುವವರೆಗೆ ಯಂತ್ರ ತನ್ನನ್ನು ತಾನೇ ಮರಳಿ ಸಿದ್ಧಗೊಳಿಸಿಕೊಳ್ಳುತ್ತದೆ.

ಈ ರಂಧ್ರದ ಬಟ್ಟಲು ನಮಗೆ ಹೊಸದಲ್ಲ. ಭಾರತದಲ್ಲಿ ಇದೇ ರೀತಿಯ ಘಟಿಯಂತ್ರ ಬಹು ಹಿಂದಿನಿಂದ ಇತ್ತು. 24 ನಿಮಿಷಕ್ಕೆ ಮುಳುಗುವ ಬಟ್ಟಲು. ನಾವು ಇಂದಿಗೂ ಆಡುವ ಘಳಿಗೆ ಎಂಬ ಮಾತು ಆ ಲೆಕ್ಕದ್ದೇ.

ನೆಲದಡಿಯ ಗಿಯರ್‌ಗಳು

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಪುಸ್ತಕದ ಐದನೇ ವಿಭಾಗದಲ್ಲಿ ನೀರೆತ್ತುವ ಐದು ಯಂತ್ರಗಳಿವೆ. ಗಡಿಯಾರಗಳಲ್ಲಿ ದಾರ, ರಾಟೆ ಸಾಕು, ಬಲ ಕಡಿಮೆ. ಆದರೆ ಹೊಳೆಯ ನೀರನ್ನು ಮೇಲೆತ್ತಬೇಕಾದರೆ ಹಲ್ಲುಚಕ್ರ ಬೇಕು, ಅದನ್ನು ಹಿಡಿದಿಡುವ ಗಟ್ಟಿ ಚೌಕಟ್ಟು ಬೇಕು.

ಮೊದಲ ಯಂತ್ರ ನಮ್ಮ ಹಳ್ಳಿಗಳ ಏತದ ಸಂಬಂಧಿ. ಪ್ರಾಣಿಯೊಂದು ಸುತ್ತು ಹಾಕುತ್ತದೆ. ಅದರಿಂದ ತಿರುಗುವ ಚಕ್ರದ ಅಂಚಿನಲ್ಲಿ ಪೂರ್ತಿ ಹಲ್ಲುಗಳಿಲ್ಲ, ಕಾಲು ಭಾಗಕ್ಕೆ ಮಾತ್ರ ಇವೆ. ಹಲ್ಲುಗಳು ಇನ್ನೊಂದು ಚಕ್ರಕ್ಕೆ ಸಿಕ್ಕಿಕೊಂಡಾಗ ನೀರು ತುಂಬಿದ ದೊಡ್ಡ ಸೌಟು ಮೇಲೇಳುತ್ತದೆ, ನೀರು ಕಾಲುವೆಗೆ ಹರಿಯುತ್ತದೆ. ಹಲ್ಲು ಮುಗಿದೊಡನೆ ಹಿಡಿತ ತಪ್ಪಿ ಸೌಟು ತಾನಾಗಿ ಕೆಳಗಿಳಿಯುತ್ತದೆ. ಇಂತಹ ಅರೆಹಲ್ಲಿನ ಗಿಯರ್ ಯುರೋಪಿನಲ್ಲಿ ಕಾಣಿಸಿದ್ದು ಆಮೇಲೆ. ಇಟಲಿಯ ಜೊವಾನ್ನಿ ಡೆ ದೊಂಡಿ 1364ರಲ್ಲಿ ಮುಗಿಸಿದ ಗಡಿಯಾರದಲ್ಲಿ ಅದಿದೆ.

ಒಂದೇ ಸೌಟಿದ್ದರೆ ಪ್ರಾಣಿಗೆ ಒಮ್ಮೆ ಪೂರ್ತಿ ಭಾರ, ಮರುಕ್ಷಣ ಏನೂ ಇಲ್ಲ. ಚೌಕಟ್ಟಿಗೂ ಪ್ರತಿ ಸುತ್ತಿಗೆ ಒಂದು ಏಟು. ಎರಡನೇ ಯಂತ್ರದಲ್ಲಿ ನಾಲ್ಕು ಸೌಟುಗಳು. ಒಂದರ ಹಲ್ಲು ಮುಗಿಯುವ ಹೊತ್ತಿಗೆ ಮುಂದಿನದು ಹಿಡಿಯುತ್ತದೆ. ಭಾರ ಸಮನಾಗಿ ಹಂಚಿಹೋಗುತ್ತದೆ.

ಮೂರನೆಯದು ಅರಮನೆಯ ಕೊಳದ ಬದಿಗೆ ಚಂದ ಕಾಣಲೆಂದು ಮಾಡಿದ್ದು. ಮೇಲೆ ಮರದ ಹಸುವೊಂದು ಸುತ್ತುತ್ತಾ ಮಡಕೆಗಳ ಸರಪಣಿಯನ್ನು ಎಳೆಯುವಂತೆ ತೋರುತ್ತದೆ. ನಿಜವಾಗಿ ಎಳೆಯುವುದು ಹಸುವಲ್ಲ. ಕೊಳದ ನೆಲದಡಿಯ ಗುಪ್ತ ಕೋಣೆಯಲ್ಲಿ ನೀರು ಬಿದ್ದು ಒಂದು ಚಕ್ರ ತಿರುಗುತ್ತದೆ. ಹಲ್ಲುಚಕ್ರಗಳು ಆ ತಿರುಗುವಿಕೆಯನ್ನು ನೇರ ನಿಂತ ಕಂಬಕ್ಕೆ, ಅಲ್ಲಿಂದ ಮಡಕೆಗಳ ಸರಪಣಿಗೆ ಒಯ್ಯುತ್ತವೆ. ಗಿಯರ್ ಪೆಟ್ಟಿಗೆ ಬೇರೆ, ಕಟ್ಟಡ ಬೇರೆ ಎಂದಿಲ್ಲ. ಕಟ್ಟಡವೇ ಗಿಯರ್ ಪೆಟ್ಟಿಗೆ. ಇದೇ ಬಗೆಯ ಒಂದು ಯಂತ್ರ ದಮಾಸ್ಕಸ್‌ನ ಯಝೀದ್ ಕಾಲುವೆಯ ಮೇಲೆ 20ನೇ ಶತಮಾನದವರೆಗೂ ಬಳಕೆಯಲ್ಲಿತ್ತು.

ನಾಲ್ಕನೆಯದರಲ್ಲಿ ಕ್ರ್ಯಾಂಕ್ ಇದೆ. ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಹೊಳೆಯ ಹರಿವಿನಿಂದ ತಿರುಗುವ ಚಕ್ರ, ಅದರಿಂದ ಹಲ್ಲುಚಕ್ರಗಳ ಜೋಡಿ, ಆ ಚಕ್ರದ ಮೇಲೊಂದು ಗೂಟ, ಗೂಟದಿಂದ ಆಚೀಚೆ ಆಡುವ ಸೀಳುಕೋಲು. ಕೋಲಿನ ಎರಡು ಬದಿಗೆ ತಾಮ್ರದ ಎರಡು ಸಿಲಿಂಡರ್‌ಗಳು ಎದುರುಬದುರು ಮಲಗಿವೆ. ಒಂದು ಪಿಸ್ಟನ್ ನೀರು ಹೀರುವಾಗ ಇನ್ನೊಂದು ಮೇಲಕ್ಕೆ ತಳ್ಳುತ್ತದೆ. ಪಿಸ್ಟನ್ ಸುತ್ತ ನೀರು ಸೋರದಂತೆ ನಾರು ಸುತ್ತಲಾಗಿದೆ. ಸುತ್ತುವ ಚಲನೆಯನ್ನು ಹಿಂದೆಮುಂದೆ ಆಡುವ ಚಲನೆಯಾಗಿ ಬದಲಿಸುವುದು, ಎರಡು ಸಿಲಿಂಡರ್ ಸರದಿಯಲ್ಲಿ ದುಡಿಯುವುದು, ಹೀರುಕೊಳವೆ, ಹಿಂದಕ್ಕೆ ಬಿಡದ ಕವಾಟ, ಇವೆಲ್ಲ ಒಂದೇ ಯಂತ್ರದಲ್ಲಿವೆ. ಇಂದು ಪಂಪ್‌ಸೆಟ್ ಬಿಚ್ಚಿ ರಿಪೇರಿ ಮಾಡುವವರಿಗೆ ಈ ಚಿತ್ರ ತೋರಿಸಿದರೆ ವಿವರಣೆ ಬೇಕಾಗದು.

ಉಸ್ತಾದರ ಕಾರ್ಯಾಗಾರ ಮತ್ತು ನಮ್ಮ ಲ್ಯಾಬ್

ಯಂತ್ರಗಳಿಗಿಂತ ಹೆಚ್ಚು ಕಲಿಸುವುದು ಅವರು ಬರೆದಿಟ್ಟ ಕೆಲಸದ ಕ್ರಮ. ಮೊದಲು ಕಾಗದದ ಮಾದರಿ ಕತ್ತರಿಸಿ ವಿನ್ಯಾಸ ಖಚಿತಪಡಿಸಿಕೊಳ್ಳುತ್ತಿದ್ದರು. ಮರದ ಅಚ್ಚು ಮಾಡಿ ಅದರಂತೆ ಲೋಹ ಕತ್ತರಿಸುತ್ತಿದ್ದರು. ಒಂದೇ ಹಲಗೆ ಡೊಂಕಾಗುತ್ತದೆಂದು ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸುತ್ತಿದ್ದರು. ಚಕ್ರ ಒಂದೇ ಕಡೆ ವಾಲದಂತೆ ತೂಕ ಸಮ ಮಾಡುತ್ತಿದ್ದರು. ಕವಾಟ ಮತ್ತು ಅದರ ಪೀಠದ ನಡುವೆ ಕುರುಂದದ ಪುಡಿ ಹಾಕಿ ನೀರು ಸೋರದಷ್ಟು ನುಣುಪಾಗಿ ಉಜ್ಜುತ್ತಿದ್ದರು. ಮುಚ್ಚಿದ ಪೆಟ್ಟಿಗೆಯಲ್ಲಿ ಮರಳು ತುಂಬಿ ಎರಕ ಹೊಯ್ಯುತ್ತಿದ್ದರು. ಅಳತೆಗಳನ್ನು ಗೇಣು, ಬೆರಳುಗಳ ಲೆಕ್ಕದಲ್ಲಿ ಬರೆದರು. ಚಿತ್ರದ ಪ್ರತಿ ಭಾಗಕ್ಕೂ ಅಕ್ಷರ ಕೊಟ್ಟರು. ಚಿತ್ರ ಪರಿಪೂರ್ಣವಲ್ಲ, ಅರ್ಥವಾಗಲೆಂದು ಬರೆದದ್ದು ಎಂದೂ ಒಪ್ಪಿಕೊಂಡರು. ಕಸುಬಿನ ಗುಟ್ಟನ್ನು ಮನೆಯೊಳಗೆ ಮುಚ್ಚಿಡುವ ಕಾಲದಲ್ಲಿ, ತಮ್ಮ ನಂತರ ಬರುವ ಕಸುಬುದಾರ ಓದಿ ಮಾಡಬಲ್ಲಂತೆ ಎಲ್ಲವನ್ನೂ ಬಿಡಿಸಿಟ್ಟರು.

ಇದನ್ನು ಓದಿದ ಮೇಲೆ ನಾವು ರೋಬೋಟನ್ನು ಮತ್ತೆ ಕಟ್ಟಿದೆವು. ಈ ಬಾರಿ ಪ್ರತ್ಯೇಕ ಗಿಯರ್ ಪೆಟ್ಟಿಗೆ, ಬ್ರಾಕೆಟ್ ಎರಡೂ ಬೇಡ ಎಂದು ನಿರ್ಧರಿಸಿದೆವು. ಚೌಕಟ್ಟಿನ ಎಡ ಮತ್ತು ಬಲದ ಅಲ್ಯೂಮಿನಿಯಂ ಪ್ಲೇಟ್‌ಗಳಲ್ಲೇ ಬೇರಿಂಗ್‌ಗೆ ತೂತು ಕೊರೆದು ಶಾಫ್ಟ್‌ನ ಎರಡೂ ತುದಿಯನ್ನು ಅಲ್ಲಿ ಕೂರಿಸಿದೆವು. ನೆಲದಡಿಯ ಕೋಣೆಯಂತೆ ನಮ್ಮ ಚೌಕಟ್ಟೇ ಗಿಯರ್ ಪೆಟ್ಟಿಗೆಯಾಯಿತು.

ಲೆಕ್ಕ ಸರಳ. ಮಾಡ್ಯೂಲ್ 1ರ 20 ಹಲ್ಲು ಮತ್ತು 60 ಹಲ್ಲಿನ ಗಿಯರ್‌ಗಳ ಕೇಂದ್ರಗಳ ಅಂತರ 20 ಮತ್ತು 60ರ ಮೊತ್ತದ ಅರ್ಧ, ಅಂದರೆ 40 ಮಿಲಿಮೀಟರ್. ವೇಗ ಮೂರನೇ ಒಂದಾಗುತ್ತದೆ, ತಿರುಚುಬಲ ಸುಮಾರು ಮೂರು ಪಟ್ಟಾಗುತ್ತದೆ. ಆದರೆ ಹಲ್ಲುಗಳು ಒಂದನ್ನೊಂದು ಮುಂದಕ್ಕೆ ಮಾತ್ರ ತಳ್ಳುವುದಿಲ್ಲ, ದೂರಕ್ಕೂ ತಳ್ಳುತ್ತವೆ. ಹಲ್ಲಿನ ಒತ್ತುಕೋನ 20 ಡಿಗ್ರಿ ಇದ್ದರೆ ಆ ದೂರ ತಳ್ಳುವ ಬಲ, ಮುಂದಕ್ಕೆ ತಳ್ಳುವ ಬಲದ ಶೇಕಡಾ 36ರಷ್ಟು. ಟ್ಯಾನ್ 20ರ ಬೆಲೆ ಅದೇ ತಾನೆ. ಹಳೆಯ ಬ್ರಾಕೆಟ್ಟನ್ನು ಬಾಗಿಸಿದ್ದು ಈ ಬಲವೇ.

ಚೌಕಟ್ಟಿನಲ್ಲೇ ಗಿಯರ್ ಕೂರಿಸುವುದರಲ್ಲಿ ಒಂದು ಕಷ್ಟವೂ ಇದೆ. ತೂತು ತಪ್ಪಿದರೆ ಸರಿಪಡಿಸಲಾಗದು, ಪ್ಲೇಟನ್ನೇ ಬಿಸಾಡಬೇಕು. ನಮ್ಮ ಮೊದಲ ಪ್ಲೇಟ್ ಹಾಗೆಯೇ ಹಾಳಾಯಿತು. ಎರಡನೇ ಸಲ ರಟ್ಟಿನ ಮಾದರಿ ಕತ್ತರಿಸಿ, ಗಿಯರ್ ಇಟ್ಟು ತಿರುಗಿಸಿ ನೋಡಿ, ಎರಡು ಪ್ಲೇಟ್‌ಗಳನ್ನು ಒಟ್ಟಿಗೆ ಬಿಗಿದು ಒಂದೇ ಬಾರಿಗೆ ಕೊರೆದೆವು. ಎರಡೂ ಕಡೆಯ ತೂತು ನೇರ ಬಂದವು. ಆ ರಟ್ಟಿನ ಮಾದರಿಯನ್ನು ನಾವು ಲ್ಯಾಬ್‌ನ ಗೋಡೆಗೆ ಅಂಟಿಸಿದ್ದೇವೆ. ಹೊಸಬರು ನೋಡಬಹುದು.

ಹೆಮ್ಮೆ ಪಡುವ ಬಗೆ

ಜಝರಿಯವರನ್ನು ರೋಬೋಟ್‌ಗಳ ಪಿತಾಮಹ ಎಂದು ಕರೆಯುವ ಪೋಸ್ಟ್‌ಗಳು ನಮ್ಮ ಮೊಬೈಲ್‌ಗಳಲ್ಲಿ ಓಡಾಡುತ್ತಿರುತ್ತವೆ. ಎಲ್ಲವನ್ನೂ ಅವರೇ ಮೊದಲು ಕಂಡುಹಿಡಿದರು ಎಂದೂ ಇರುತ್ತದೆ. ಅದು ನಿಜವಲ್ಲ. ಹಲ್ಲುಚಕ್ರ ಗ್ರೀಕರಿಗೆ ಕ್ರಿಸ್ತಪೂರ್ವದಲ್ಲೇ ಗೊತ್ತಿತ್ತು. ಭಾರತದ ಬಗ್ಗೆ ಬರೆದ ನಮ್ಮೆಲ್ಲರ ಪರಿಚಯದ ಅಲ್-ಬೀರೂನಿ, ಜಝರಿಗಿಂತ ಸುಮಾರು ಎರಡು ಶತಮಾನ ಮೊದಲೇ ಗಿಯರ್‌ಗಳುಳ್ಳ ಸೂರ್ಯಚಂದ್ರರ ಪಂಚಾಂಗಯಂತ್ರವನ್ನು ವರ್ಣಿಸಿದ್ದರು. ಜಝರಿಯ ದೋಣಿಯ ಮೇಲೆ ವಾದ್ಯ ನುಡಿಸುವ ಗೊಂಬೆಗಳಿವೆ. ಗೂಟಗಳಿರುವ ದಿಂಡು ತಿರುಗಿ ಅವುಗಳ ಕೈ ಆಡಿಸುತ್ತದೆ. ಗೂಟ ಬದಲಿಸಿದರೆ ತಾಳ ಬದಲಾಗುತ್ತದೆ ಎಂಬುದು ಇಂದಿನ ವಿದ್ವಾಂಸರು ಮಾಡಿದ ವ್ಯಾಖ್ಯಾನ.

ಜಝರಿ ಸ್ವತಃ ಹೀಗೆ ಹೇಳಿಕೊಂಡವರಲ್ಲ. ಯಾರಿಂದ ಏನು ಪಡೆದೆ ಎಂದು ಹೇಳಿದರು, ಎಲ್ಲಿ ಅದು ಸರಿಯಾಗಲಿಲ್ಲ ಎಂದು ಹೇಳಿದರು, ತಾನು ಏನು ಬದಲಿಸಿದೆ ಎಂದು ಹೇಳಿದರು. ಇಲ್ಲದ ಕಿರೀಟ ತೊಡಿಸುವುದರಿಂದ ಅವರ ಗೌರವ ಹೆಚ್ಚುವುದಿಲ್ಲ. ಅವರ ಹೆಸರು ಶೇರ್ ಮಾಡಿ, ನಮ್ಮ ಪ್ರಾಜೆಕ್ಟನ್ನು ಮಾತ್ರ ಅಂಗಡಿಯಿಂದ ರೆಡಿಮೇಡ್ ತಂದು ಎಕ್ಸಿಬಿಷನ್‌ನಲ್ಲಿ ಇಟ್ಟರೆ ಅವರಿಗೂ ನಮಗೂ ಸಂಬಂಧವೇ ಇಲ್ಲ. ನಾನೂ ಪ್ರಥಮ ಪಿಯುಸಿಯಲ್ಲಿ ಹಾಗೆ ಮಾಡಿದ್ದೆ, ಬಹುಮಾನವೂ ಬಂದಿತ್ತು. ಒಳಗೆ ಏನಿದೆ ಎಂದು ಒಬ್ಬ ಚಿಕ್ಕ ಹುಡುಗ ಕೇಳಿದಾಗ ಉತ್ತರಿಸಲು ಆಗಿರಲಿಲ್ಲ.

ಪುಸ್ತಕ ಮುಗಿದ 1206ರ ಆಸುಪಾಸಿನಲ್ಲೇ ಜಝರಿ ತೀರಿಕೊಂಡರು ಎನ್ನಲಾಗುತ್ತದೆ. ಅರಮನೆ, ಆಭರಣದಂತಹ ಗಡಿಯಾರಗಳು, ಹಿತ್ತಾಳೆಯ ಬಾಗಿಲು ಯಾವುವೂ ಉಳಿಯಲಿಲ್ಲ. ಉಳಿದದ್ದು ಪುಸ್ತಕ. ಅದರ ಅತ್ಯಂತ ಹಳೆಯ ಪ್ರತಿ 1206ರದ್ದೇ, ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಗ್ರಂಥಾಲಯದಲ್ಲಿದೆ. 1974ರಲ್ಲಿ ಡೊನಾಲ್ಡ್ ಹಿಲ್ ಎಂಬ ಬ್ರಿಟಿಷ್ ಎಂಜಿನಿಯರ್ ಅದನ್ನು ಇಂಗ್ಲಿಷಿಗೆ ತಂದರು. ಎರಡು ವರ್ಷಗಳ ನಂತರ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಕೋಟೆ ಗಡಿಯಾರವನ್ನು ಪುಸ್ತಕದ ಸೂಚನೆಗಳಂತೆ ಮತ್ತೆ ಕಟ್ಟಿ ನಿಲ್ಲಿಸಿದರು. ಸುಮಾರು 770 ವರ್ಷಗಳ ನಂತರವೂ ಆ ಅಕ್ಷರಗಳನ್ನು ಓದಿ ಯಂತ್ರ ಕಟ್ಟಲು ಸಾಧ್ಯವಾಯಿತು.

ಈ ವರ್ಷ ನಮ್ಮ ತಂಡದಿಂದ ದ್ವಿತೀಯ ಪಿಯುಸಿಯವರೆಲ್ಲ ಹೊರಹೋಗುತ್ತೇವೆ. ನಾವು ಕೊರೆದ ತೂತುಗಳ ಅಳತೆ, ಹಾಳಾದ ಪ್ಲೇಟಿನ ಕಾರಣ, ಗಿಯರ್‌ಗಳ ಲೆಕ್ಕ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದು ಲ್ಯಾಬ್‌ನ ಕಪಾಟಿನಲ್ಲಿ ಇಟ್ಟಿದ್ದೇವೆ. ಪ್ರಥಮ ವರ್ಷದ ತಮ್ಮಂದಿರೇ, ತಂಗಿಯರೇ, ಅದನ್ನು ಓದಿ. ಆದರೆ ನಂಬಿ ಬಿಡಬೇಡಿ. ಒಮ್ಮೆ ಅಳೆದು ನೋಡಿ, ತಪ್ಪಿದ್ದರೆ ಪಕ್ಕದಲ್ಲೇ ತಿದ್ದಿ ಬರೆಯಿರಿ.